ಕೇಳಬೇಡ, ಹೇಳಬೇಡ: ಸೇನೆ ಕೈಬಿಟ್ಟ ಒಂದು ಕಾನೂನು

2011ರ ಸೆಪ್ಟೆಂಬರ್ 20ರಂದು ಅಮೆರಿಕದ ಸೇನೆಯಲ್ಲಿ ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಜಾರಿಯಲ್ಲಿದ್ದ ಕಾನೂನೊಂದು ಕೊನೆಗೊಂಡಿತು. ‘ಡೋಂಟ್ ಆಸ್ಕ್, ಡೋಂಟ್ ಟೆಲ್’, ಅಂದರೆ ‘ಕೇಳಬೇಡ, ಹೇಳಬೇಡ’ ಎಂಬ ಅಡ್ಡಹೆಸರಿನಿಂದಲೇ ಅದು ಜಗತ್ತಿಗೆ ಪರಿಚಿತ. ಆ ಕಾನೂನಿನಡಿ ಸಲಿಂಗಪ್ರೇಮಿಗಳು ಸೇನೆಯಲ್ಲಿ ಇರಬಹುದಿತ್ತು. ಆದರೆ ತಾವು ಸಲಿಂಗಪ್ರೇಮಿಗಳು ಎಂದು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಹೇಳಿದವರ ಕೆಲಸ ಹೋಗುತ್ತಿತ್ತು. ಹೀಗೆ ಕೆಲಸ ಕಳೆದುಕೊಂಡವರ ಸಂಖ್ಯೆ 13,000ಕ್ಕೂ ಹೆಚ್ಚು. ಅವರಲ್ಲಿ ದಾದಿಯರಿದ್ದರು, ಭಾಷಾ ತಜ್ಞರಿದ್ದರು, ಯುದ್ಧಭೂಮಿಯಲ್ಲಿ ಪದಕ ಪಡೆದವರೂ ಇದ್ದರು. ಇವರಲ್ಲಿ ಬಹುಪಾಲು ಜನರ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ. ಸತ್ಯವನ್ನೇ ಹೇಳಬೇಕೆಂದು ಸೈನಿಕನಿಗೆ ಮೊದಲ ದಿನದಿಂದ ಕಲಿಸುವ ಸಂಸ್ಥೆಯೊಂದು, ಸತ್ಯ ಹೇಳಿದ್ದಕ್ಕಾಗಿಯೇ ಸೈನಿಕರನ್ನು ಮನೆಗೆ ಕಳುಹಿಸುತ್ತಿತ್ತು. ಈ ಅನ್ಯಾಯ ಹೇಗೆ ಬೆಳೆಯಿತು, ಯಾವ ವಾದದ ಮೇಲೆ ನಿಂತಿತ್ತು, ಹೇಗೆ ಕುಸಿಯಿತು ಎಂಬುದನ್ನು ಅರಿಯುವುದು ಅಮೆರಿಕದವರಿಗಷ್ಟೇ ಅಲ್ಲ, ಇಂಥದೇ ಪ್ರಶ್ನೆ ಇನ್ನೂ ಇತ್ಯರ್ಥವಾಗದೆ ಉಳಿದಿರುವ ಭಾರತದಂಥ ದೇಶಗಳಿಗೂ ಅಗತ್ಯ.

ಕೃತ್ಯದಿಂದ ವ್ಯಕ್ತಿಯತ್ತ

ಅಮೆರಿಕದ ಸೇನೆಯಲ್ಲಿ ಈ ತಾರತಮ್ಯ ಆ ದೇಶದಷ್ಟೇ ಹಳೆಯದು. ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ 1778ರ ಮಾರ್ಚ್‌ನಲ್ಲಿ ವ್ಯಾಲಿ ಫೋರ್ಜ್ ಶಿಬಿರದಲ್ಲಿ ಎನ್ಸ್ಲಿನ್ ಎಂಬ ಲೆಫ್ಟಿನೆಂಟ್ ಇನ್ನೊಬ್ಬ ಸೈನಿಕನೊಂದಿಗೆ ಸಲಿಂಗ ಸಂಭೋಗಕ್ಕೆ ಯತ್ನಿಸಿದ ಆರೋಪಕ್ಕೆ ಗುರಿಯಾದ. ಸೇನಾ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು, ಜಾರ್ಜ್ ವಾಷಿಂಗ್ಟನ್ ಆ ಶಿಕ್ಷೆಗೆ ಒಪ್ಪಿಗೆ ಕೊಟ್ಟರು. ಡೋಲು, ಕೊಳಲುಗಳ ಸದ್ದಿನ ನಡುವೆ ಎಲ್ಲರೂ ನೋಡುತ್ತಿರುವಂತೆ ಅವನನ್ನು ಶಿಬಿರದಿಂದ ಹೊರಗಟ್ಟಲಾಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಇದು ಸೇನೆಯ ದಂಡಸಂಹಿತೆಯಲ್ಲೇ ಅಪರಾಧವಾಗಿ ಸೇರಿಕೊಂಡಿತು.

ಆದರೂ ಆಗ ಶಿಕ್ಷೆಯಿದ್ದದ್ದು ಕೃತ್ಯಕ್ಕೆ. ಎರಡನೇ ಮಹಾಯುದ್ಧದಲ್ಲಿ ಈ ಗೆರೆ ಸರಿಯಿತು. ಲಕ್ಷಾಂತರ ಯುವಕರನ್ನು ಸೇನೆಗೆ ಸೇರಿಸಿಕೊಳ್ಳುವಾಗ ಮನೋವೈದ್ಯರೂ ಪರೀಕ್ಷೆಗೆ ಕುಳಿತರು. ಸಲಿಂಗಕಾಮವನ್ನು ಆಗ ಮಾನಸಿಕ ಕಾಯಿಲೆಯೆಂದು ಪರಿಗಣಿಸಲಾಗುತ್ತಿತ್ತು. ಅಮೆರಿಕದ ಮನೋವೈದ್ಯರ ಸಂಘ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಹೀಗಾಗಿ, ಯಾವ ತಪ್ಪನ್ನೂ ಮಾಡದಿದ್ದರೂ ‘ಅಂಥ ಸ್ವಭಾವ’ ಇರುವುದೇ ಸೇನೆಗೆ ಅನರ್ಹತೆಯಾಯಿತು. ನಿಷೇಧ ಕೃತ್ಯವನ್ನು ಬಿಟ್ಟು ವ್ಯಕ್ತಿಯನ್ನೇ ಹಿಡಿಯಿತು. ಮುಂದಿನ ಎಪ್ಪತ್ತು ವರ್ಷಗಳ ಕಥೆಯೆಲ್ಲ ಈ ಪಲ್ಲಟದಿಂದ ಹುಟ್ಟಿದ್ದು.

ಸಿಕ್ಕಿಬಿದ್ದವರಿಗೆ ಆ ಕಾಲದಲ್ಲಿ ಕೊಡುತ್ತಿದ್ದದ್ದು ‘ನೀಲಿ ಬಿಡುಗಡೆ’. ನೀಲಿ ಕಾಗದದ ಮೇಲೆ ಅಚ್ಚಾದ ಈ ಪತ್ರ ಸೈನಿಕ ಗೌರವದಿಂದ ಹೊರಬಂದನೆಂದೂ ಹೇಳುತ್ತಿರಲಿಲ್ಲ, ಅಗೌರವದಿಂದ ಎಂದೂ ಹೇಳುತ್ತಿರಲಿಲ್ಲ. ಆದರೆ ಅದನ್ನು ಕಂಡ ಯಾವ ಮಾಲೀಕನಿಗೂ ಅದರ ಅರ್ಥ ಗೊತ್ತಿತ್ತು. ಯುದ್ಧದಿಂದ ಮರಳಿದವರಿಗೆ ಕಾಲೇಜು ಶುಲ್ಕ, ಮನೆ ಸಾಲ ಮೊದಲಾದ ನೆರವು ಒದಗಿಸುವ ಕಾನೂನು 1944ರಲ್ಲಿ ಬಂದಿತ್ತು. ಅಮೆರಿಕದ ಮಧ್ಯಮ ವರ್ಗವನ್ನೇ ಕಟ್ಟಿದ ಕಾನೂನು ಅದು. ನೀಲಿ ಕಾಗದ ಹಿಡಿದವರಿಗೆ ಅದರ ಬಾಗಿಲು ಮುಚ್ಚಿತು. ಈ ಕಾಗದವನ್ನು ಕಪ್ಪು ಸೈನಿಕರ ಮೇಲೂ ಅವರ ಸಂಖ್ಯೆಯನ್ನು ಮೀರಿ ಪ್ರಯೋಗಿಸಲಾಗುತ್ತಿತ್ತು. ಆದ್ದರಿಂದಲೇ ಕಪ್ಪು ಜನರ ಪತ್ರಿಕೆಯಾದ ‘ಪಿಟ್ಸ್‌ಬರ್ಗ್ ಕೊರಿಯರ್’ ಇದರ ವಿರುದ್ಧ ದೊಡ್ಡ ಆಂದೋಲನವನ್ನೇ ನಡೆಸಿತು. 1947ರಲ್ಲಿ ನೀಲಿ ಬಿಡುಗಡೆ ನಿಂತಿತು, ಸಲಿಂಗಪ್ರೇಮಿಗಳ ಮೇಲಿನ ನಿಷೇಧ ಮಾತ್ರ ಬೇರೆ ಹೆಸರಿನಲ್ಲಿ ಮುಂದುವರಿಯಿತು.

ಮುಚ್ಚಿಟ್ಟ ವರದಿ

ಶೀತಲ ಸಮರದ ವರ್ಷಗಳಲ್ಲಿ ಹೊಸದೊಂದು ವಾದ ಬಂತು. ಸಲಿಂಗಪ್ರೇಮಿಗಳನ್ನು ಶತ್ರುದೇಶದವರು ಬ್ಲ್ಯಾಕ್‌ಮೇಲ್ ಮಾಡಿ ರಹಸ್ಯ ಹೊರಡಿಸಬಹುದು, ಆದ್ದರಿಂದ ಅವರಿಂದ ದೇಶದ ಭದ್ರತೆಗೆ ಅಪಾಯ ಎಂಬುದು ಅದರ ಸಾರ. ಈ ವಾದದಲ್ಲಿ ಒಂದು ಸುತ್ತುಬಳಸು ಇತ್ತು. ಗುಟ್ಟು ಬಯಲಾದರೆ ಕೆಲಸ ಹೋಗುತ್ತದೆ ಎಂಬ ಭಯವಿದ್ದರೆ ತಾನೇ ಬೆದರಿಕೆಗೆ ಬೆಲೆ? ಆ ಭಯವನ್ನು ಹುಟ್ಟಿಸಿದ್ದೇ ನಿಷೇಧ. ನಿಷೇಧವೇ ಇಲ್ಲದಿದ್ದರೆ ಬೆದರಿಸಲು ಯಾರ ಕೈಯಲ್ಲೂ ಏನೂ ಉಳಿಯುತ್ತಿರಲಿಲ್ಲ.

ನೌಕಾಪಡೆ 1957ರಲ್ಲಿ ತನ್ನದೇ ಸಮಿತಿಯಿಂದ ಈ ವಿಷಯದ ಪರಿಶೀಲನೆ ಮಾಡಿಸಿತು. ಅಧ್ಯಕ್ಷರಾಗಿದ್ದ ಅಧಿಕಾರಿಯ ಹೆಸರಿನಿಂದ ಅದು ಕ್ರಿಟೆಂಡನ್ ವರದಿ ಎನಿಸಿಕೊಂಡಿತು. ಸಲಿಂಗಪ್ರೇಮಿಗಳು ಇತರರಿಗಿಂತ ಹೆಚ್ಚು ಭದ್ರತಾ ಅಪಾಯ ಒಡ್ಡುತ್ತಾರೆ ಎನ್ನಲು ಗಟ್ಟಿಯಾದ ಆಧಾರವಿಲ್ಲ ಎಂದು ಸಮಿತಿ ಹೇಳಿತು. ಹಾಗಿದ್ದರೂ ನಿಷೇಧವನ್ನು ತೆಗೆಯಬೇಕೆಂದು ಅದು ಶಿಫಾರಸು ಮಾಡಲಿಲ್ಲ, ವರದಿಯೂ ಸುಮಾರು ಇಪ್ಪತ್ತು ವರ್ಷ ಬೆಳಕು ಕಾಣಲಿಲ್ಲ. ತನ್ನ ವಾದಕ್ಕೆ ಆಧಾರವಿಲ್ಲವೆಂದು ತನ್ನದೇ ಸಮಿತಿ ತಿಳಿಸಿದ ಮೇಲೂ ಸೇನೆ ಅದೇ ವಾದವನ್ನು ನ್ಯಾಯಾಲಯಗಳ ಮುಂದೆ ಮಂಡಿಸುತ್ತಲೇ ಹೋಯಿತು.

ಒಬ್ಬ ಸಾರ್ಜೆಂಟನ ಪತ್ರ

ನಿಷೇಧವನ್ನು ನೇರವಾಗಿ ಎದುರಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಲೆನರ್ಡ್ ಮ್ಯಾಟ್ಲೊವಿಚ್. ವಾಯುಪಡೆಯ ಟೆಕ್ನಿಕಲ್ ಸಾರ್ಜೆಂಟ್ ಆಗಿದ್ದ ಅವರು ವಿಯೆಟ್ನಾಂ ಯುದ್ಧಕ್ಕೆ ಮೂರು ಬಾರಿ ಹೋಗಿ ಬಂದವರು. ಶೌರ್ಯಕ್ಕೆ ಬ್ರಾಂಜ್ ಸ್ಟಾರ್, ಗಾಯಗೊಂಡಿದ್ದಕ್ಕೆ ಪರ್ಪಲ್ ಹಾರ್ಟ್ ಪದಕ ಪಡೆದಿದ್ದರು. ಬಿಳಿಯ ಮತ್ತು ಕಪ್ಪು ಸೈನಿಕರ ನಡುವಿನ ಸಂಬಂಧ ಸುಧಾರಿಸುವ ತರಗತಿಗಳಲ್ಲಿ ಪಾಠ ಹೇಳುತ್ತಿದ್ದರು. 1975ರ ಮಾರ್ಚ್‌ನಲ್ಲಿ ತಾವು ಸಲಿಂಗಪ್ರೇಮಿ ಎಂದು ಬರೆದ ಪತ್ರವೊಂದನ್ನು ಮೇಲಧಿಕಾರಿಯ ಕೈಗಿತ್ತರು. ಇದರ ಅರ್ಥವೇನು ಎಂದು ಅಧಿಕಾರಿ ಕೇಳಿದಾಗ ಅವರು ನೆನಪಿಸಿದ್ದು ಶಾಲೆಗಳಲ್ಲಿ ವರ್ಣಭೇದವನ್ನು ಕೊನೆಗಾಣಿಸಿದ 1954ರ ಬ್ರೌನ್ ಮೊಕದ್ದಮೆಯನ್ನು. 1975ರ ಸೆಪ್ಟೆಂಬರ್ 8ರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಸಮವಸ್ತ್ರ ಧರಿಸಿದ ಅವರ ಚಿತ್ರ ಅಚ್ಚಾಯಿತು.

ವಾಯುಪಡೆ ಅವರನ್ನು ಹೊರಹಾಕಿತು. ಐದು ವರ್ಷಗಳ ಹೋರಾಟದ ನಂತರ, 1980ರಲ್ಲಿ, ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ನ್ಯಾಯಾಧೀಶರು ಆದೇಶಿಸಿದರು. ಕೊನೆಗೆ 1,60,000 ಡಾಲರ್ ಪರಿಹಾರಕ್ಕೆ ಪ್ರಕರಣ ಮುಗಿಯಿತು. 1988ರಲ್ಲಿ ತೀರಿಕೊಂಡ ಅವರ ಸಮಾಧಿ ವಾಷಿಂಗ್ಟನ್‌ನ ಕಾಂಗ್ರೆಷನಲ್ ರುದ್ರಭೂಮಿಯಲ್ಲಿದೆ. ಇಬ್ಬರನ್ನು ಕೊಂದದ್ದಕ್ಕೆ ಸೇನೆ ಪದಕ ಕೊಟ್ಟಿತು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಹಾಕಿತು ಎಂಬರ್ಥದ ಮಾತನ್ನು ಆ ಕಲ್ಲಿನ ಮೇಲೆ ಕೆತ್ತಲಾಗಿದೆ.

ಮ್ಯಾಟ್ಲೊವಿಚ್‌ರಂಥವರ ಮೊಕದ್ದಮೆಗಳಿಂದ ಸೇನೆ ಮೆತ್ತಗಾಗಲಿಲ್ಲ, ಬಿಗಿಯಾಯಿತು. ಸಲಿಂಗಕಾಮವು ಸೈನಿಕ ಸೇವೆಗೆ ಹೊಂದದು ಎಂಬ ನಿಯಮವನ್ನು 1981ರಲ್ಲಿ ರಕ್ಷಣಾ ಇಲಾಖೆ ಎಲ್ಲ ಪಡೆಗಳಿಗೂ ಅನ್ವಯಿಸಿತು. ಮೇಲಧಿಕಾರಿಗಳು ತಮ್ಮ ವಿವೇಚನೆ ಬಳಸಿ ಒಬ್ಬರನ್ನು ಉಳಿಸಿಕೊಳ್ಳುವ ಅವಕಾಶವೂ ಇದರಿಂದ ಹೋಯಿತು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 17,000 ಮಂದಿ ಹೊರಬಿದ್ದರು. ವಿಯೆಟ್ನಾಂನಲ್ಲಿ ದಾದಿಯಾಗಿ ದುಡಿದು ಪದಕ ಪಡೆದಿದ್ದ ಕರ್ನಲ್ ಮಾರ್ಗರೆಥ್ ಕ್ಯಾಮರ್‌ಮೇಯರ್ ಕೂಡ ಇದೇ ನಿಯಮಕ್ಕೆ ಸಿಲುಕಿದರು. ಉನ್ನತ ಹುದ್ದೆಗೆ ಬೇಕಾದ ಭದ್ರತಾ ಅನುಮತಿಗಾಗಿ 1989ರಲ್ಲಿ ಸಂದರ್ಶನ ನಡೆದಾಗ, ಕೇಳಿದ ಪ್ರಶ್ನೆಗೆ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. 1992ರಲ್ಲಿ ಅವರ ಸೇವೆ ಕೊನೆಗೊಂಡಿತು. ಎರಡು ವರ್ಷಗಳ ನಂತರ ನ್ಯಾಯಾಲಯದ ಆದೇಶದಿಂದ ಮರಳಿ ಸೇರಿದರು.

1993ರ ರಾಜಿ

1992ರ ಚುನಾವಣೆಯಲ್ಲಿ ಬಿಲ್ ಕ್ಲಿಂಟನ್ ಈ ನಿಷೇಧವನ್ನು ತೆಗೆಯುವುದಾಗಿ ಮಾತು ಕೊಟ್ಟಿದ್ದರು. ಅದೇ ಅಕ್ಟೋಬರ್‌ನಲ್ಲಿ, ಜಪಾನಿನ ಸಸೆಬೊದಲ್ಲಿ, ಅಲೆನ್ ಶಿಂಡ್ಲರ್ ಎಂಬ ಯುವ ನಾವಿಕನನ್ನು ಸಲಿಂಗಪ್ರೇಮಿ ಎಂಬ ದ್ವೇಷದಿಂದ ಅವನದೇ ಹಡಗಿನ ಸಹೋದ್ಯೋಗಿ ಹೊಡೆದು ಕೊಂದಿದ್ದ. ಸೇನಾ ಶಿಬಿರಗಳೊಳಗಿನ ದ್ವೇಷ ಎಷ್ಟು ಆಳವಾದದ್ದೆಂದು ದೇಶ ಕಂಡಿತು. ಆದರೆ ಕ್ಲಿಂಟನ್ ಅಧಿಕಾರಕ್ಕೆ ಬಂದ ಕೂಡಲೇ ಸೇನೆಯ ಹಿರಿಯ ದಂಡನಾಯಕರು ಎದುರು ನಿಂತರು. ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಕಾಲಿನ್ ಪಾವೆಲ್, ಸೆನೆಟ್‌ನ ರಕ್ಷಣಾ ಸಮಿತಿಯ ಅಧ್ಯಕ್ಷ ಸ್ಯಾಮ್ ನನ್ ಈ ವಿರೋಧದ ಮುಂಚೂಣಿಯಲ್ಲಿದ್ದರು.

ಬ್ಲ್ಯಾಕ್‌ಮೇಲ್ ವಾದ ಆ ಹೊತ್ತಿಗೆ ಸವಕಲಾಗಿತ್ತು. ಈಗ ಮುಂದೆ ಬಂದದ್ದು ‘ತುಕಡಿಯ ಒಗ್ಗಟ್ಟಿ’ನ ವಾದ. ಒಂದೇ ಕೊಠಡಿಯಲ್ಲಿ ಮಲಗುವ, ಒಂದೇ ಕಡೆ ಸ್ನಾನ ಮಾಡುವ ಸೈನಿಕರಿಗೆ ಮುಜುಗರವಾಗುತ್ತದೆ, ಪರಸ್ಪರ ನಂಬಿಕೆ ಸಡಿಲಗೊಳ್ಳುತ್ತದೆ, ಯುದ್ಧದ ಸಾಮರ್ಥ್ಯ ಕುಗ್ಗುತ್ತದೆ ಎಂದು ಹೇಳಲಾಯಿತು. ಸಲಿಂಗಪ್ರೇಮಿ ಸೈನಿಕ ಕೆಟ್ಟ ಸೈನಿಕ ಎಂದು ಈ ವಾದ ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಅವನ ಬಗ್ಗೆ ಇತರರಿಗೆ ಇರಿಸುಮುರಿಸು, ಆದ್ದರಿಂದ ಅವನು ಹೋಗಬೇಕು ಎಂಬುದೇ ಅದರ ತಿರುಳು. ಪೂರ್ವಗ್ರಹ ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ. ಅಧ್ಯಕ್ಷ ಟ್ರೂಮನ್ 1948ರ ಜುಲೈ 26ರಂದು ಸೇನೆಯಲ್ಲಿ ವರ್ಣಭೇದ ಕೊನೆಗಾಣಿಸುವ ಆದೇಶ ಹೊರಡಿಸಿದಾಗಲೂ ಕಪ್ಪು ಸೈನಿಕರ ವಿರುದ್ಧ ಇದೇ ಮಾತು ಕೇಳಿಬಂದಿತ್ತು. ಅದು ಸುಳ್ಳೆಂದು ಕಾಲವೇ ತೋರಿಸಿತ್ತು.

ರಕ್ಷಣಾ ಇಲಾಖೆಯ ಕೋರಿಕೆಯ ಮೇರೆಗೆ ರ‍್ಯಾಂಡ್ ಸಂಸ್ಥೆ 1993ರಲ್ಲಿ ನಡೆಸಿದ ಅಧ್ಯಯನ ಈ ವಾದವನ್ನು ಬಿಡಿಸಿ ನೋಡಿತು. ಒಗ್ಗಟ್ಟಿನಲ್ಲಿ ಎರಡು ಬಗೆ. ಒಬ್ಬರಿಗೊಬ್ಬರು ಇಷ್ಟವಾಗುವುದು ಒಂದು, ಒಂದೇ ಕೆಲಸಕ್ಕೆ ಎಲ್ಲರೂ ಬದ್ಧರಾಗಿರುವುದು ಇನ್ನೊಂದು. ತುಕಡಿಯ ಸಾಧನೆಯನ್ನು ನಿರ್ಧರಿಸುವುದು ಎರಡನೆಯದು. ನಡತೆಯ ನಿಯಮಗಳನ್ನು ಎಲ್ಲರಿಗೂ ಸಮಾನವಾಗಿ ಅನ್ವಯಿಸಿ, ಮೇಲಿನವರು ದೃಢವಾಗಿ ನಿಂತರೆ ನಿಷೇಧವಿಲ್ಲದೆಯೂ ಸೇನೆ ಚೆನ್ನಾಗಿ ನಡೆಯಬಲ್ಲದು ಎಂದು ಆ ಅಧ್ಯಯನ ತಿಳಿಸಿತು. ಅದನ್ನು ಬದಿಗಿಟ್ಟು ರಾಜಕಾರಣಿಗಳು ರಾಜಿಯ ದಾರಿ ಹಿಡಿದರು. 1993ರ ನವೆಂಬರ್ 30ರಂದು ಕ್ಲಿಂಟನ್ ಸಹಿ ಮಾಡಿದ ಕಾನೂನು ಆ ರಾಜಿಯ ಫಲ.

ಕಾನೂನು ನಡೆದ ಬಗೆ

ಹೊಸ ವ್ಯವಸ್ಥೆಯಲ್ಲಿ, ಸೇರುವಾಗ ಯಾರನ್ನೂ ಅವರ ಲೈಂಗಿಕ ಒಲವಿನ ಬಗ್ಗೆ ಕೇಳುವಂತಿರಲಿಲ್ಲ. ಅದಕ್ಕೆ ಪ್ರತಿಯಾಗಿ ಸೈನಿಕರೂ ಹೇಳಿಕೊಳ್ಳುವಂತಿರಲಿಲ್ಲ. ಸೇವೆಯಿಂದ ತೆಗೆಯಲು ಮೂರು ಕಾರಣಗಳಿದ್ದವು: ಸಲಿಂಗ ಸಂಬಂಧ ಬೆಳೆಸುವುದು, ತಾನು ಸಲಿಂಗಪ್ರೇಮಿ ಎಂದು ಹೇಳಿಕೊಳ್ಳುವುದು, ಒಂದೇ ಲಿಂಗದವರನ್ನು ಮದುವೆಯಾಗುವುದು ಅಥವಾ ಆಗಲು ಯತ್ನಿಸುವುದು. ಎರಡನೆಯದರಲ್ಲಿ ಕಾನೂನಿನ ಕುಣಿಕೆಯಿತ್ತು. ‘ನಾನು ಸಲಿಂಗಪ್ರೇಮಿ’ ಎಂದು ಒಬ್ಬರು ಹೇಳಿದರೆ, ಅವರು ಅಂಥ ಸಂಬಂಧ ಇಟ್ಟುಕೊಂಡಿದ್ದಾರೆ ಅಥವಾ ಇಟ್ಟುಕೊಳ್ಳಬಹುದು ಎಂದೇ ಭಾವಿಸಲಾಗುತ್ತಿತ್ತು. ಹಾಗಲ್ಲವೆಂದು ಸಾಬೀತು ಮಾಡುವ ಹೊಣೆ ಆ ಸೈನಿಕನದೇ.

ಕಾಗದದ ಮೇಲೆ ಇದು ಹಳೆಯದಕ್ಕಿಂತ ಮೃದುವಾಗಿ ಕಂಡಿತು. ಬದುಕಿನಲ್ಲಿ ಹಾಗಾಗಲಿಲ್ಲ. ಮನೆಯಿಂದ ಬಂದ ಪತ್ರ, ಗೆಳೆಯನೊಂದಿಗಿನ ಮಾತು, ಮೇಜಿನ ಮೇಲಿನ ಒಂದು ಫೋಟೊ ಕೂಡ ವಿಚಾರಣೆಗೆ ದಾರಿ ಮಾಡಬಹುದಿತ್ತು. ಯುದ್ಧಕ್ಕೆ ಹೊರಟವನು ತನ್ನ ಸಂಗಾತಿಯನ್ನು ಎಲ್ಲರೆದುರು ತಬ್ಬಿಕೊಂಡು ಬೀಳ್ಕೊಳ್ಳುವಂತಿರಲಿಲ್ಲ. ಅವನು ಸತ್ತರೆ ಸೇನೆಯ ಅಧಿಕಾರಿ ಸುದ್ದಿ ಹೊತ್ತು ಬರುವುದು ತಂದೆತಾಯಿಯ ಮನೆಗೆ, ವರ್ಷಗಟ್ಟಲೆ ಜೊತೆಗೆ ಬಾಳಿದವನ ಮನೆಗಲ್ಲ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ ಸಾವಿರಾರು ಜನ ದಿನ ದೂಡಿದರು.

ಮಹಿಳೆಯರಿಗೆ ಇದರ ಪೆಟ್ಟು ಹೆಚ್ಚು ಬಿತ್ತು. ಸೇನೆಯಲ್ಲಿ ಆಗ ಅವರ ಪಾಲು ಸುಮಾರು ಏಳರಲ್ಲಿ ಒಂದು. ಈ ಕಾನೂನಿನಡಿ ಹೊರಬಿದ್ದವರಲ್ಲಿ ಅವರ ಪಾಲು ಕೆಲವು ವರ್ಷಗಳಲ್ಲಿ ಮೂರನೇ ಒಂದನ್ನು ಮುಟ್ಟಿತು. ಪುರುಷ ಸಹೋದ್ಯೋಗಿಯ ಕಾಟವನ್ನು ತಿರಸ್ಕರಿಸಿದ ಹೆಣ್ಣಿಗೆ ‘ಸಲಿಂಗಕಾಮಿ’ ಎಂಬ ಪಟ್ಟ ಕಟ್ಟಿ ಬೆದರಿಸುವುದು ಸುಲಭವಾಗಿತ್ತು. ಕಿರುಕುಳಕ್ಕೆ ಒಳಗಾದವರು ದೂರು ಕೊಟ್ಟರೆ ತಾವೇ ವಿಚಾರಣೆಗೆ ಸಿಲುಕುವ ಭಯವಿತ್ತು. 1999ರ ಜುಲೈನಲ್ಲಿ ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್ ನೆಲೆಯಲ್ಲಿ ಬ್ಯಾರಿ ವಿಂಚೆಲ್ ಎಂಬ 21 ವರ್ಷದ ಸೈನಿಕನನ್ನು, ಅವನು ಮಲಗಿದ್ದಾಗ, ಸಹ ಸೈನಿಕನೊಬ್ಬ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಅವನು ಹೀಯಾಳಿಕೆ ಅನುಭವಿಸಿದ್ದ. ಬಾಯಿ ಬಿಡಬಾರದೆಂಬ ಕಾನೂನು, ನೆರವಿಗೆ ಕೂಗಬೇಕಾದ ಬಾಯಿಯನ್ನೂ ಕಟ್ಟಿಹಾಕಿತ್ತು.

ದೇಶ ತೆತ್ತ ಬೆಲೆ

ನಷ್ಟ ಸೈನಿಕರದು ಮಾತ್ರವಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕಕ್ಕೆ ಅರಬ್ಬಿ ಬಲ್ಲವರ ತೀವ್ರ ಕೊರತೆಯಿತ್ತು. ಆ ಹೊತ್ತಿನಲ್ಲೇ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ಸೇನಾ ಭಾಷಾ ಶಾಲೆಯಿಂದ ಅರಬ್ಬಿ ಕಲಿಯುತ್ತಿದ್ದವರನ್ನು ಈ ಕಾನೂನಿನಡಿ ಹೊರಹಾಕಲಾಯಿತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2005ರಲ್ಲಿ ಕೊಟ್ಟ ವರದಿಯ ಪ್ರಕಾರ ಮೊದಲ ಹತ್ತು ವರ್ಷಗಳಲ್ಲಿ ಹೊರಬಿದ್ದವರಲ್ಲಿ ಅರಬ್ಬಿ, ಫಾರ್ಸಿ, ಕೊರಿಯನ್‌ನಂಥ ಮುಖ್ಯ ಭಾಷೆಗಳನ್ನು ಬಲ್ಲವರೇ 322 ಮಂದಿ. ಹೊರಬಿದ್ದವರ ಜಾಗಕ್ಕೆ ಹೊಸಬರನ್ನು ಹುಡುಕಿ ತರಬೇತಿ ಕೊಡಲು ತಗುಲಿದ ವೆಚ್ಚ ಸುಮಾರು 19 ಕೋಟಿ ಡಾಲರ್.

ಇದೇ ವೇಳೆ ಕಾನೂನಿನ ಬುಡವೂ ಅಲುಗುತ್ತಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ‘ಲಾರೆನ್ಸ್’ ಪ್ರಕರಣದಲ್ಲಿ, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ರಾಜ್ಯಗಳ ಕಾನೂನುಗಳನ್ನು ರದ್ದುಪಡಿಸಿತು. ಇರಾಕ್ ಯುದ್ಧದಲ್ಲಿ ಮೊದಲು ಗಾಯಗೊಂಡ ಅಮೆರಿಕದ ಸೈನಿಕ, ಬಲಗಾಲು ಕಳೆದುಕೊಂಡ ಎರಿಕ್ ಆಲ್ವಾ, 2007ರಲ್ಲಿ ತಾವು ಸಲಿಂಗಪ್ರೇಮಿ ಎಂದು ಬಹಿರಂಗವಾಗಿ ಹೇಳಿದರು. ದೇಶಕ್ಕೆ ಕಾಲು ಕೊಟ್ಟವನನ್ನು ಸೇನೆಗೆ ಲಾಯಕ್ಕಿಲ್ಲದವನೆಂದು ಕರೆಯುವುದು ಹೇಗೆ ಎಂಬ ಪ್ರಶ್ನೆಗೆ ನಿಷೇಧದ ಪರವಾಗಿದ್ದವರಲ್ಲಿ ಉತ್ತರವಿರಲಿಲ್ಲ.

ಕೊನೆಯ ಹಂತ

2010ರ ಫೆಬ್ರುವರಿ 2ರಂದು ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಅಡ್ಮಿರಲ್ ಮೈಕ್ ಮಲೆನ್ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಸಹನಾಗರಿಕರನ್ನು ಕಾಯುವ ಸಲುವಾಗಿ ಯುವಜನರು ತಾವು ಯಾರೆಂಬುದರ ಬಗ್ಗೆಯೇ ಸುಳ್ಳು ಹೇಳಬೇಕಾದ ಸ್ಥಿತಿ ತಮ್ಮನ್ನು ಕಾಡುತ್ತಿದೆ ಎಂದೂ, ಅವರು ಬಹಿರಂಗವಾಗಿ ಸೇವೆ ಸಲ್ಲಿಸಲು ಬಿಡುವುದೇ ಸರಿ ಎಂದೂ ಅವರು ಹೇಳಿದರು. ಸಮಾನತೆಯ ಜೊತೆಗೆ ಸೇನೆಯ ಪ್ರಾಮಾಣಿಕತೆಯನ್ನೂ ಅವರು ಪ್ರಶ್ನೆಯಾಗಿ ಮುಂದಿಟ್ಟರು. ಪಾವೆಲ್ ಹದಿನೇಳು ವರ್ಷಗಳ ಹಿಂದೆ ಕುಳಿತಿದ್ದ ಅದೇ ಹುದ್ದೆಯಿಂದ ಈ ಮಾತು ಬಂದದ್ದು ಚರ್ಚೆಯ ದಿಕ್ಕನ್ನು ಬದಲಿಸಿತು.

ರಕ್ಷಣಾ ಇಲಾಖೆ ಸೈನಿಕರನ್ನೇ ಕೇಳಲು ಮುಂದಾಯಿತು. 4 ಲಕ್ಷ ಮಂದಿಗೆ ಪ್ರಶ್ನಾವಳಿ ಹೋಯಿತು, ಸುಮಾರು 1,15,000 ಮಂದಿ ಉತ್ತರಿಸಿದರು. ನವೆಂಬರ್ 30ರಂದು ವರದಿ ಹೊರಬಿತ್ತು. ನಿಷೇಧ ತೆಗೆದರೆ ಪರಿಣಾಮ ಒಳ್ಳೆಯದಾಗುತ್ತದೆ, ಮಿಶ್ರವಾಗಿರುತ್ತದೆ ಅಥವಾ ಏನೂ ಆಗುವುದಿಲ್ಲ ಎಂದವರು ಶೇ 70ರಷ್ಟು. ಸಲಿಂಗಪ್ರೇಮಿ ಎಂದು ತಾವು ನಂಬಿದ್ದ ಒಬ್ಬರ ಜೊತೆ ಈಗಾಗಲೇ ದುಡಿದಿದ್ದೇವೆ ಎಂದವರು ಶೇ 69. ಅವರಲ್ಲಿ ಶೇ 92ರಷ್ಟು ಮಂದಿ ತಮ್ಮ ತುಕಡಿ ಒಂದಾಗಿ ಕೆಲಸ ಮಾಡುವ ಸಾಮರ್ಥ್ಯ ಚೆನ್ನಾಗಿತ್ತು ಅಥವಾ ಕೆಟ್ಟದಾಗಿಯೇನೂ ಇರಲಿಲ್ಲ ಎಂದರು. ಹೊರಗಿನವರು ಒಗ್ಗಟ್ಟಿನ ಬಗ್ಗೆ ವಾದಿಸುತ್ತಿದ್ದ ಹೊತ್ತಿನಲ್ಲಿ ಸೈನಿಕರು ಅದನ್ನು ಬಾಳಿ ತೋರಿಸಿದ್ದರು.

ಆದರೂ ಸಂಸತ್ತಿನಲ್ಲಿ ದಾರಿ ಸಲೀಸಾಗಿರಲಿಲ್ಲ. ಡಿಸೆಂಬರ್ 9ರಂದು ಸೆನೆಟ್‌ನಲ್ಲಿ ಈ ರದ್ದತಿಯೂ ಸೇರಿದ್ದ ಮಸೂದೆಯನ್ನು ಮುಂದಕ್ಕೊಯ್ಯಲು ಬೇಕಿದ್ದ 60 ಮತಗಳ ಬದಲು 57 ಮಾತ್ರ ಬಂದವು. ಆಗ ಸೆನೆಟರ್‌ಗಳಾದ ಜೋ ಲೀಬರ್‌ಮನ್ ಮತ್ತು ಸೂಸನ್ ಕಾಲಿನ್ಸ್ ನಿಷೇಧದ ರದ್ದತಿಗೆಂದೇ ಪ್ರತ್ಯೇಕ ಮಸೂದೆ ತಂದರು. ಡಿಸೆಂಬರ್ 15ರಂದು ಕೆಳಮನೆಯಲ್ಲಿ 250–175, ಡಿಸೆಂಬರ್ 18ರಂದು ಸೆನೆಟ್‌ನಲ್ಲಿ 65–31 ಮತಗಳಿಂದ ಅದು ಗೆದ್ದಿತು. ಡಿಸೆಂಬರ್ 22ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದರು. ಸೇನೆ ಬದಲಾವಣೆಗೆ ಸಿದ್ಧವಾಗಿದೆ ಎಂದು ಅಧ್ಯಕ್ಷರು, ರಕ್ಷಣಾ ಸಚಿವರು ಮತ್ತು ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷರು ಮೂವರೂ ದೃಢೀಕರಿಸಬೇಕೆಂಬ ಷರತ್ತು ಕಾನೂನಿನಲ್ಲಿತ್ತು. ತರಬೇತಿ ಮುಗಿಸಿ 2011ರ ಜುಲೈ 22ರಂದು ಅವರು ದೃಢೀಕರಿಸಿದರು. ಅದಾಗಿ 60 ದಿನಗಳಿಗೆ ಹಳೆಯ ಕಾನೂನು ಇಲ್ಲವಾಯಿತು.

ನಂತರ ಏನಾಯಿತು

ವಿರೋಧಿಗಳು ಹೇಳಿದ್ದ ಅನಾಹುತ ಯಾವುದೂ ಆಗಲಿಲ್ಲ. ಸಾಮೂಹಿಕ ರಾಜೀನಾಮೆಗಳು ಬರಲಿಲ್ಲ, ಸೇನೆ ಸೇರುವವರು ಹಿಂಜರಿಯಲಿಲ್ಲ. ಬದಲಾವಣೆಯನ್ನು ಬಲವಾಗಿ ವಿರೋಧಿಸಿದ್ದ ಮರೀನ್ ದಳದ ಮುಖ್ಯಸ್ಥ ಜನರಲ್ ಜೇಮ್ಸ್ ಏಮೊಸ್, ಎಲ್ಲವೂ ಸುಗಮವಾಗಿ ನಡೆದಿದೆ ಎಂದು ಎರಡೇ ತಿಂಗಳಲ್ಲಿ ಒಪ್ಪಿಕೊಂಡರು. ಒಂದು ವರ್ಷದ ನಂತರ, ಸೇನಾ ಅಕಾಡೆಮಿಗಳ ಪ್ರಾಧ್ಯಾಪಕರೂ ಸೇರಿದ್ದ, ಸಂಶೋಧನಾ ಸಂಸ್ಥೆಯಾದ ಪಾಮ್ ಸೆಂಟರ್‌ನ ಅಧ್ಯಯನ, ಸೇನೆಯ ಸನ್ನದ್ಧತೆಗಾಗಲಿ ಒಗ್ಗಟ್ಟಿಗಾಗಲಿ ಒಟ್ಟಾರೆ ಧಕ್ಕೆಯಾಗಿಲ್ಲವೆಂದು ಹೇಳಿತು.

ಆದರೆ ನಿಷೇಧ ತೆಗೆದ ಮಾತ್ರಕ್ಕೆ ಸಮಾನತೆ ಬರಲಿಲ್ಲ, ಅದು ಕಂತಿನಲ್ಲಿ ಬಂತು. ಸಂಗಾತಿಗಳಿಗೆ ವಸತಿ, ಆರೋಗ್ಯ ಸೌಲಭ್ಯ ಸಿಕ್ಕಿದ್ದು ಸಲಿಂಗ ವಿವಾಹಕ್ಕೆ ಸಂಬಂಧಿಸಿದ ಸುಪ್ರೀಂ ಕೋರ್ಟಿನ 2013ರ ಜೂನ್ 26ರ ‘ವಿಂಡ್ಸರ್’ ತೀರ್ಪಿನ ನಂತರ. ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೇನಾ ದಂಡಸಂಹಿತೆಯ 125ನೇ ವಿಧಿಯ ಭಾಗ ಹೋದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಸೇನೆಯ ಸಮಾನ ಅವಕಾಶದ ನೀತಿಯಲ್ಲಿ ಲೈಂಗಿಕ ಒಲವು ಸೇರಿದ್ದು 2015ರಲ್ಲಿ. 2016ರಲ್ಲಿ, ಸಲಿಂಗಪ್ರೇಮಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ಎರಿಕ್ ಫ್ಯಾನಿಂಗ್ ಭೂಸೇನಾ ಇಲಾಖೆಯ ಮುಖ್ಯಸ್ಥರಾದರು. ಹಳೆಯ ವಿಧಿಯಡಿ ಶಿಕ್ಷೆಗೊಳಗಾದವರಿಗೆ ಅಧ್ಯಕ್ಷ ಜೋ ಬೈಡನ್ ಕ್ಷಮಾದಾನ ಘೋಷಿಸಿದ್ದು 2024ರ ಜೂನ್ 26ರಂದು. ಸೇವೆಯಿಂದ ಬಿಡುಗಡೆಯಾದ ಪತ್ರದ ಮೇಲಿನ ಕಳಂಕ ಹಲವರ ಪಾಲಿಗೆ ಜೀವನಪೂರ್ತಿ ಉಳಿಯಿತು. ಪಡೆದ ಹಕ್ಕು ಎಲ್ಲರಿಗೂ ಒಂದೇ ಸಮನಾಗಿ ಸಿಕ್ಕಿಲ್ಲ ಎಂಬುದಕ್ಕೆ ಲಿಂಗಪರಿವರ್ತಿತ ಸೈನಿಕರ ಸ್ಥಿತಿಯೇ ಸಾಕ್ಷಿ: 2016ರಲ್ಲಿ ಅವರಿಗೆ ತೆರೆದ ಬಾಗಿಲು ಮುಂದಿನ ಹತ್ತು ವರ್ಷಗಳೊಳಗೆ ಮುಚ್ಚಿ, ತೆರೆದು, 2025ರಲ್ಲಿ ಮತ್ತೆ ಮುಚ್ಚಿತು.

ಬ್ರಿಟನ್ ಮತ್ತು ಇತರ ದೇಶಗಳು

ಅಮೆರಿಕದಲ್ಲಿ ನಿಷೇಧವನ್ನು ಕೊನೆಗಾಣಿಸಿದ್ದು ಸಂಸತ್ತು, ಬ್ರಿಟನ್ನಿನಲ್ಲಿ ನ್ಯಾಯಾಲಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರಲ್ಲಿ ನಾಗರಿಕರ ಮಟ್ಟಿಗೆ ಸಲಿಂಗ ಸಂಬಂಧ ಅಪರಾಧವಲ್ಲವೆಂದಾದರೂ ಸೇನೆಗೆ ಆ ಬದಲಾವಣೆ ಅನ್ವಯವಾಗಲಿಲ್ಲ. ವಾಯುಪಡೆಯ ದಾದಿ ಜೀನೆಟ್ ಸ್ಮಿತ್, ಸಾರ್ಜೆಂಟ್ ಗ್ರೇಮ್ ಗ್ರೇಡಿ ಮೊದಲಾದವರು ಹೂಡಿದ ಮೊಕದ್ದಮೆಗಳಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1999ರ ಸೆಪ್ಟೆಂಬರ್ 27ರಂದು ತೀರ್ಪು ಕೊಟ್ಟಿತು. ಬೇರೆ ಜನಾಂಗ, ಬೇರೆ ಮೈಬಣ್ಣದವರ ಮೇಲಿನ ಬಹುಸಂಖ್ಯಾತರ ಪೂರ್ವಗ್ರಹ ಹೇಗೆ ಸಮರ್ಥನೆಯಾಗಲಾರದೋ ಹಾಗೆಯೇ ಸಲಿಂಗಪ್ರೇಮಿಗಳ ಮೇಲಿನ ಪೂರ್ವಗ್ರಹವೂ ಅವರ ಖಾಸಗಿ ಬದುಕಿನೊಳಗೆ ಕೈಹಾಕಲು ಸಮರ್ಥನೆಯಾಗಲಾರದು ಎಂಬುದು ತೀರ್ಪಿನ ಹುರುಳು. 2000ದ ಜನವರಿ 12ರಂದು ನಿಷೇಧ ಹೋಯಿತು. ಅದರ ಜಾಗದಲ್ಲಿ ಬಂದದ್ದು ಎಲ್ಲರಿಗೂ ಸಮಾನವಾದ ನಡತೆಯ ಸಂಹಿತೆ. ಯಾರೇ ಆಗಲಿ, ಅವರ ವರ್ತನೆ ಸೇನೆಯ ಕೆಲಸಕ್ಕೆ ಅಡ್ಡಿಯಾಯಿತೇ ಎಂಬುದಷ್ಟೇ ಪ್ರಶ್ನೆ.

ಹಳೆಯ ಗಾಯದ ಲೆಕ್ಕವನ್ನೂ ಬ್ರಿಟನ್ ತಡವಾಗಿಯಾದರೂ ತೆಗೆಯಿತು. ನಿವೃತ್ತ ನ್ಯಾಯಮೂರ್ತಿ ಎಥರ್ಟನ್ ಅವರ ವರದಿ 2023ರ ಜುಲೈ 19ರಂದು ಪ್ರಕಟವಾಯಿತು. ಅವಮಾನಕರ ವಿಚಾರಣೆ, ವೈದ್ಯಕೀಯ ತಪಾಸಣೆ, ಕಿತ್ತುಕೊಂಡ ಪದಕಗಳ ವಿವರ ಅದರಲ್ಲಿತ್ತು. ಅಂದೇ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮರುವರ್ಷ 7.5 ಕೋಟಿ ಪೌಂಡಿನ ಪರಿಹಾರ ಯೋಜನೆ ಬಂತು, ಹೊರಹಾಕಲಾದವರಿಗೆ ತಲಾ 50,000 ಪೌಂಡ್.

ನೆದರ್ಲೆಂಡ್ಸ್ 1974ರಲ್ಲೇ ಈ ನಿಷೇಧ ತೆಗೆದಿತ್ತು. ಕೆನಡಾ ಮತ್ತು ಆಸ್ಟ್ರೇಲಿಯಾ 1992ರಲ್ಲಿ, ಇಸ್ರೇಲ್ 1993ರಲ್ಲಿ ತೆಗೆದವು. ಕೆನಡಾ 2017ರಲ್ಲಿ, ಜರ್ಮನಿ 2020ರಲ್ಲಿ ಸರ್ಕಾರದ ಕಡೆಯಿಂದ ಕ್ಷಮೆ ಕೇಳಿದವು. ವಿರುದ್ಧ ದಿಕ್ಕಿನಲ್ಲಿರುವುದು ದಕ್ಷಿಣ ಕೊರಿಯ. ಅಲ್ಲಿ ಪ್ರತಿಯೊಬ್ಬ ಯುವಕನಿಗೂ ಸೈನಿಕ ಸೇವೆ ಕಡ್ಡಾಯ, ಆದರೆ ಸೈನಿಕರ ನಡುವಿನ ಸಲಿಂಗ ಸಂಬಂಧಕ್ಕೆ ಎರಡು ವರ್ಷದವರೆಗೆ ಜೈಲು ವಿಧಿಸಬಲ್ಲ ಕಾನೂನನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2023ರಲ್ಲಿಯೂ ಎತ್ತಿಹಿಡಿಯಿತು.

ಭಾರತದ ಸ್ಥಿತಿ

ಭಾರತದಲ್ಲಿ 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧಕ್ಕೆ ದಂಡಸಂಹಿತೆಯ 377ನೇ ಕಲಂ ಅನ್ವಯಿಸದು ಎಂದು ತೀರ್ಪು ಕೊಟ್ಟಿತು. ಸೇನೆಯ ಕಾಯ್ದೆಗಳು ಮಾತ್ರ ಹಾಗೆಯೇ ಉಳಿದವು. 1950ರ ಭೂಸೇನಾ ಕಾಯ್ದೆಯ 45ನೇ ಕಲಂ ಅಧಿಕಾರಿಯ ಸ್ಥಾನಕ್ಕೆ ತಕ್ಕುದಲ್ಲದ ನಡತೆಯನ್ನು, 46ನೇ ಕಲಂ ಕ್ರೂರ, ಅಸಭ್ಯ ಅಥವಾ ಅಸ್ವಾಭಾವಿಕ ಬಗೆಯ ನಾಚಿಕೆಗೇಡಿನ ವರ್ತನೆಯನ್ನು ಶಿಕ್ಷಾರ್ಹವಾಗಿಸುತ್ತವೆ. ಎರಡನೆಯದಕ್ಕೆ ಏಳು ವರ್ಷದವರೆಗೆ ಜೈಲು ವಿಧಿಸಬಹುದು. ‘ಅಸ್ವಾಭಾವಿಕ’ ಎಂಬ ಒಂದೇ ಪದದೊಳಗೆ ವಸಾಹತು ಕಾಲದ ಇಡೀ ನೋಟ ಕುಳಿತಿದೆ. ಸೇನೆಯಲ್ಲಿರುವವರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿರುವುದರಿಂದ, ನಾಗರಿಕರಿಗೆ ಸಿಕ್ಕ ತೀರ್ಪು ಬ್ಯಾರಕ್ಕಿನ ಬಾಗಿಲಲ್ಲೇ ನಿಂತಿದೆ.

2019ರ ಜನವರಿಯಲ್ಲಿ ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಸೇನೆ ಸಂಪ್ರದಾಯಸ್ಥವಾದದ್ದು, ಅಲ್ಲಿ ಇದಕ್ಕೆ ಅವಕಾಶವಿಲ್ಲ ಎಂದು ಹೇಳಿದ್ದರು. ಸೇನೆ ತೊರೆದ ಸಲಿಂಗಪ್ರೇಮಿ ಮೇಜರ್ ಒಬ್ಬರ ಬದುಕಿನಿಂದ ಪ್ರೇರಿತವಾದ ಚಿತ್ರಕಥೆಗೆ ನಿರ್ದೇಶಕ ಓನಿರ್ ಕೇಳಿದ ಅನುಮತಿಯನ್ನು ರಕ್ಷಣಾ ಸಚಿವಾಲಯ 2022ರಲ್ಲಿ ನಿರಾಕರಿಸಿತು. ಭಾರತದ ಸೇನೆಯಲ್ಲಿ ಪ್ರಶ್ನೆ ಕೇಳುವವರೂ ಇಲ್ಲ, ಉತ್ತರ ಹೇಳುವವರೂ ಇಲ್ಲ. ಕಾನೂನಿನಲ್ಲಿ ಬರೆಯದಿದ್ದರೂ ‘ಕೇಳಬೇಡ, ಹೇಳಬೇಡ’ ಇಲ್ಲಿ ರೂಢಿಯಲ್ಲಿದೆ. ಕೊಡಗಿನಿಂದ, ಬೆಳಗಾವಿಯಿಂದ, ಬಾಗಲಕೋಟೆಯಿಂದ ಸೇನೆ ಸೇರುವ ಕನ್ನಡದ ಮಕ್ಕಳಿಗೂ ಇದೇ ಕಾಯ್ದೆ, ಇದೇ ಮೌನ.

ಇತರ ದೇಶಗಳ ಅನುಭವ ತೋರಿಸಿಕೊಟ್ಟ ದಾರಿ ಕಷ್ಟದ್ದಲ್ಲ. ಸಮ್ಮತಿಯ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಡಬೇಕು. ದೌರ್ಜನ್ಯ, ಕಿರುಕುಳ, ಅಧಿಕಾರದ ದುರುಪಯೋಗಕ್ಕೆ ಗಂಡು ಹೆಣ್ಣು, ಸಲಿಂಗ ಭಿನ್ನಲಿಂಗ ಎಂಬ ಭೇದವಿಲ್ಲದೆ ಒಂದೇ ಶಿಕ್ಷೆ ಇರಬೇಕು. ದೂರು ಕೊಟ್ಟವರೇ ಆರೋಪಿಗಳಾಗದಂತೆ ರಕ್ಷಣೆ ಸಿಗಬೇಕು. ಹಿರಿಯ ಅಧಿಕಾರಿಗಳು ಬದಲಾವಣೆಯ ಪರವಾಗಿ ಸಂದೇಹಕ್ಕೆಡೆಯಿಲ್ಲದಂತೆ ಮಾತಾಡಬೇಕು. ಶಿಸ್ತು ಸೇನೆಯ ಜೀವಾಳ ಎಂಬುದು ನಿಜ. ಎಲ್ಲರಿಗೂ ಒಂದೇ ಅಳತೆ ಇದ್ದಲ್ಲಿ ಮಾತ್ರ ಶಿಸ್ತು ಉಳಿಯುತ್ತದೆ ಎಂಬುದೂ ಅಷ್ಟೇ ನಿಜ. ಗುಂಡು ಹಾರುವ ಜಾಗದಲ್ಲಿ ಪಕ್ಕದಲ್ಲಿರುವವನು ಯಾರನ್ನು ಪ್ರೀತಿಸುತ್ತಾನೆ ಎಂಬುದು ಮುಖ್ಯವಲ್ಲ, ಅವನು ಜೊತೆ ಬಿಡದೆ ನಿಲ್ಲುತ್ತಾನೆಯೇ ಎಂಬುದು ಮುಖ್ಯ. ಸೈನಿಕನನ್ನು ಅಳೆಯಬೇಕಾದದ್ದು ಅವನ ನಡತೆಯಿಂದ. ಆ ಅಳತೆಗೋಲನ್ನು ಭಾರತದ ಸಂಸತ್ತು ಸೇನಾ ಕಾಯ್ದೆಯೊಳಗೆ ಬರೆಯಬೇಕು.